ಸೊಂಟದ ಮೂಳೆಗೆ ತಕ್ಕ ಅಂಗಳ

ಎಂಬತ್ತು ದಾಟಿದ ಮೇಲೆ ನನ್ನ ಸೊಂಟದ ಮೂಳೆಯನ್ನು ನಾನು ಮೊದಲ ಸಲ ನೋಡಿದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗ ಸಿಕ್ಕಿದ ಅವಕಾಶ ಅದು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ ತಾತ, ಇದು ನೀವೇ" ಎಂದರು. ಕಪ್ಪು ಹಾಳೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ದೊಡ್ಡ ಬಿಳಿ ಚಿಟ್ಟೆಯೊಂದು ಕಂಡಿತು. ಜೀವಮಾನವೆಲ್ಲ ಯಾವುದರ ಮೇಲೆ ಕೂತು ಉಂಡೆನೋ, ಸೈಕಲ್ಲು ತುಳಿದೆನೋ, ಸುಳ್ಳು ಹೇಳಿದೆನೋ, ಅದು ಇಷ್ಟು ಚೆಂದವಾಗಿದೆಯೆಂದು ನನಗೆ ಯಾರೂ ತಿಳಿಸಿರಲಿಲ್ಲ. ಡಾಕ್ಟರು ಎಡಗಡೆಯ ಬಿರುಕನ್ನು ತೋರಿಸುತ್ತಿದ್ದರು. ನಾನು ಮಾತ್ರ ಬಲಗಡೆಯನ್ನೇ ನೋಡುತ್ತಿದ್ದೆ. ಅದು ಗಟ್ಟಿಮುಟ್ಟಾಗಿತ್ತು. ಅರವತ್ತು ವರ್ಷಕ್ಕೂ ಹಿಂದೆ, ಶಿರಾದ ಒಂದು ಜಗಲಿಯ ಮೇಲೆ, ಆ ಬಲಗಡೆಯ ಮೂಳೆಯನ್ನು ನಾನು ಸ್ವಲ್ಪ ಹೊತ್ತು ಎರವಲು ಕೊಟ್ಟಿದ್ದೆ. ಆ ಕಥೆಯನ್ನು ಹೇಳಿಬಿಡೋಣವೆಂದು ಕೂತಿದ್ದೇನೆ. ಕೂರಲು ಸ್ವಲ್ಪ ಕಷ್ಟವಾಗುತ್ತಿದೆ, ಆದರೂ ಕೂತಿದ್ದೇನೆ.

ಹೃದಯದ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಕಣ್ಣಿಗೆ, ತುಟಿಗೆ, ಕೊನೆಗೆ ಕಿವಿಯ ಹಾಲೆಗೂ ಹೊಗಳುಭಟರಿದ್ದಾರೆ. ಸೊಂಟದ ಮೂಳೆಗೆ ಮಾತ್ರ ಯಾರೂ ಇಲ್ಲ. ಕವಿಗಳು ನಡುವಿನ ತನಕ ಬಂದು, ಅದು ಎಷ್ಟು ಸಣ್ಣಗಿದೆಯೆಂದು ಬೆರಗಾಗಿ, ಅಲ್ಲಿಂದ ಮುಂದೆ ಸೀರೆಯ ನೆರಿಗೆಯನ್ನು ವರ್ಣಿಸಲು ಹೊರಟುಬಿಡುತ್ತಾರೆ. ಗುಡಿಯ ಕಂಬದಲ್ಲಿ ಹೆಣ್ಣನ್ನು ಕೆತ್ತಿದ ಶಿಲ್ಪಿ ವಾಸಿ. ಅವಳು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಸೊಂಟ ಎತ್ತ ಏರುತ್ತದೆ, ಭುಜ ಎತ್ತ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮಧುಗಿರಿ ಕಡೆಯ ರಸ್ತೆ ಕೆಲಸದಲ್ಲಿ ಮೇಸ್ತ್ರಿಯಾಗಿ ಸವೆದವನು. ನನ್ನ ವಿದ್ಯೆಗೆ ತೋಚುವ ಹೋಲಿಕೆ ಕಲ್ಲಿನ ಸೇತುವೆಯದು. ಮೇಲಿನ ಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬಂದು, ಕಮಾನಿನ ನಡುಗಲ್ಲಿನ ಮೇಲೆ ಕೂತು, ಎರಡು ಪಾಲಾಗಿ ಎರಡು ಕಾಲಿಗೆ ಇಳಿಯುತ್ತದೆ. ನಮ್ಮವ್ವ ಬಾವಿಯಿಂದ ಬರುವಾಗ ಆ ಕಮಾನಿನ ಮೇಲೆ ತಲೆಯ ಕೊಡ, ಅದರ ಮೇಲೊಂದು ಚೆಂಬು, ಎಡಸೊಂಟದಲ್ಲಿ ಇನ್ನೊಂದು ಕೊಡ, ಹಿಂದೆ ಜೋತುಬಿದ್ದ ನಾನು, ಇಷ್ಟೂ ಇರುತ್ತಿದ್ದೆವು. ಸೇತುವೆ ಅಲ್ಲಾಡಿದ್ದನ್ನು ನಾನು ಕಂಡಿಲ್ಲ.

ಅಲ್ಲಾಡಿಸಿದ್ದು ನನ್ನ ತಂಗಿಯದನ್ನು, ಮತ್ತು ಅಲ್ಲಾಡಿಸಿದವನು ನಾನು.

ಐವತ್ತರ ದಶಕದ ನಡುವಿನ ಮಾತು. ಕೊರಟಗೆರೆ ತಾಲ್ಲೂಕಿನ ನಮ್ಮೂರಿನಿಂದ ನೋಡಿದರೆ ಸಿದ್ದರಬೆಟ್ಟ ಕಾಣುತ್ತಿತ್ತು; ಬೆಟ್ಟದ ಕಡೆಯಿಂದ ಊರಿಗೆ ಬರುವ ದಾರಿಯಲ್ಲಿ ಒಂದು ಇಳಿಜಾರು, ಇಳಿಜಾರಿನ ಕೊನೆಗೆ ಒಂದು ಮೋರಿ, ಮೋರಿಗೆ ಮೊಳದೆತ್ತರದ ಕಲ್ಲುಕಟ್ಟೆ. ನನಗೆ ಹದಿನೆಂಟು, ತಂಗಿ ಗಿರಿಜೆಗೆ ಹದಿಮೂರೋ ಹದಿನಾಲ್ಕೋ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಗೆ ನಾನೇ ಗಂಡಸು, ನನ್ನ ಗಂಡಸುತನಕ್ಕೆ ಸಾಕ್ಷಿಯಾಗಿ ಒಂದು ಹಳೆಯ ಸೈಕಲ್ಲು. ಹಿಂದಿನ ಕ್ಯಾರಿಯರ್‌ನಲ್ಲಿ ತಂಗಿಯನ್ನು ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರಿಸಿಕೊಂಡು ಬೆಟ್ಟದ ಕಡೆಯಿಂದ ಬರುತ್ತಿದ್ದೆ. ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟೆ.

"ಅಣ್ಣ, ಹಿಡ್ಕಳಾ! ಹಿಡ್ಕಳಾ!" ಎಂದಳು.

"ಇದು ನಾನು ಹೇಳ್ದಂಗೆ ಕೇಳ್ತದೆ ಕಣೇ, ಸುಮ್ಕೆ ಕೂತ್ಕ" ಎಂದೆ.

ಸೈಕಲ್ಲು ನಾನು ಹೇಳಿದಂತೆ ಕೇಳಲಿಲ್ಲ. ನನಗೆ ಮೊಣಕೈ ತರಚಿತು. ಅವಳ ಬಲಸೊಂಟ ಮೋರಿಯ ಕಟ್ಟೆಗೆ ಬಡಿಯಿತು. ನೋವಿನಲ್ಲಿ ಕೂಗಲೂ ಆಗದೆ ಬಿದ್ದಿದ್ದವಳ ಪಕ್ಕ ಕೂತು ನಾನು ಮೊದಲು ಆಡಿದ ಮಾತು ಏನು ಗೊತ್ತೆ? "ಅವ್ವನಿಗೆ ಹೇಳ್ಬ್ಯಾಡ ಕಣಮ್ಮ. ಹುಣಸೇಮರದಿಂದ ಬಿದ್ದೆ ಅನ್ನು." ಅವಳು ತಲೆಯಾಡಿಸಿದಳು. ಇಂಥ ತಲೆಯಾಡಿಸುವಿಕೆಗೆ ನಾನು ಯೋಗ್ಯನಾಗಿರಲಿಲ್ಲ.

ಅವ್ವ ಗಿರಿಜೆಯನ್ನು ಬೈದ ಬೈಗುಳವನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. "ಹೆಣ್ಣಾಗಿ ಮರ ಹತ್ತತೀಯೇನೇ, ಕೋತಿ! ಯಾವನು ಕಟ್ಕಂತಾನೆ ನಿನ್ನ?" ಎಂಬುದು ಅದರಲ್ಲಿ ಮೆತ್ತಗಿನದು. ಸಾಲದ್ದಕ್ಕೆ ಹಿತ್ತಲಿನ ಹುಣಸೇಮರದ ಕೈಗೆಟುಕುವ ಕೊಂಬೆಗಳನ್ನೆಲ್ಲ ಕಡಿಸಿಹಾಕಿದಳು. ನಿರಪರಾಧಿ ಮರ. ಆಮೇಲೆ ಎಷ್ಟೋ ವರ್ಷ ನಾನು ಹಿತ್ತಲಿಗೆ ಹೋದಾಗ ಅದರ ಕಡೆ ನೋಡುತ್ತಿರಲಿಲ್ಲ.

ಎರಡು ದಿನವಾದರೂ ಅವಳು ಏಳದಿದ್ದಾಗ ಗಾಡಿಯಲ್ಲಿ ಹುಲ್ಲು ಹಾಸಿ ಶಿರಾಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮಸೀದಿಯ ಹಿಂದಿನ ಬೀದಿಯಲ್ಲಿ ಕರೀಂ ಸಾಬರೆಂಬ ಮೂಳೆ ಕೂಡಿಸುವವರಿದ್ದರು. ಅವರ ಮನೆತನದಲ್ಲಿ ಕೆಲಸ ಕಲಿಯುವ ಪದ್ಧತಿಯೇ ವಿಚಿತ್ರ. ಗೋಣಿಚೀಲದೊಳಗೆ ಒಂದು ಮಡಕೆ ಇಟ್ಟು ಒಡೆಯುತ್ತಾರಂತೆ. ಹೊರಗಿನಿಂದಲೇ ತಡವಿ ತಡವಿ ಚೂರುಗಳನ್ನು ಮತ್ತೆ ಮಡಕೆಯಾಗಿ ಹೊಂದಿಸಿದ ದಿನ ಕಲಿಕೆ ಮುಗಿಯಿತು. ಕೈ, ಕಾಲು, ಭುಜ ಮುರಿದ ಗಂಡಸರನ್ನೆಲ್ಲ ಸಾಬರು ತಾವೇ ಮುಟ್ಟಿ ನೋಡುತ್ತಿದ್ದರು. ಹೆಣ್ಣುಮಕ್ಕಳಾದರೆ, ಅದೂ ಸೊಂಟವಾದರೆ, ಪರದೆಯ ಆಚೆ ಅವರ ಬೀಬಿ ಮುಟ್ಟಬೇಕು, ಈಚೆ ಜಗಲಿಯಲ್ಲಿ ಕೂತ ಸಾಬರು ಕೇಳಿ ತಿಳಿಯಬೇಕು. ಕೇಳಿದ್ದು ಕೈಗೆ ಗೊತ್ತಾಗಬೇಕಲ್ಲ, ಅದಕ್ಕೆ ಈಚೆ ಕಡೆ ಇನ್ನೊಂದು ಸೊಂಟ ಬೇಕು.

"ಬಾ ಬೇಟಾ, ಅಣ್ಣ ಅಲ್ವಾ ನೀನು? ಹಿಂಗೆ ಸೀದಾ ನಿಲ್ಲು" ಎಂದು ನನ್ನ ಬಲಸೊಂಟಕ್ಕೆ ಹೆಬ್ಬೆರಳು ಒತ್ತಿದರು. ಪರದೆಯ ಕಡೆ ತಿರುಗಿ, "ಇಲ್ಲೇನಾ?" ಎಂದರು.

"ನಂಗೆ ಏನ್ ಕಾಣ್ತದೆ ನೀವ್ ಎಲ್ಲಿ ಒತ್ತೀರಿ ಅಂತ!" ಎಂದಿತು ಬೀಬಿಯ ದನಿ. "ಪಕ್ಕದ್ ಮೂಳೆ ಗುಬುಟು ಐತಲ್ಲ, ಅಲ್ಲಿಂದ ನಾಕು ಬೆರಳು ಕೆಳ್ಗೆ. ಮುಂದ್ಕೆ ಬನ್ನಿ. ಇನ್ನೂ ಮುಂದ್ಕೆ."

ಸಾಬರ ಹೆಬ್ಬೆರಳು ಮುಂದಕ್ಕೆ ಬಂತು. ಪರದೆಯ ಆಚೆ ಗಿರಿಜೆ "ಅಯ್ಯೋ" ಎಂದಳು. ಈಚೆ ನನಗೆ ನೋವೇ ಇಲ್ಲ. ಅವಳದು ಮುರಿದಿದ್ದ ಜಾಗದಲ್ಲೇ ನನ್ನದು ಗಟ್ಟಿಯಾಗಿತ್ತು. ಸಾಬರು ಒತ್ತಿದಷ್ಟೂ ಗಟ್ಟಿಯಾಗಿತ್ತು. ಅರ್ಧ ಗಂಟೆ ಹೀಗೆ ನಡೆಯಿತು. ಕೊನೆಗೆ ಸಾಬರು ನನ್ನನ್ನು ಜಗಲಿಯ ತುದಿಗೆ ಕರೆದು, ಪರದೆಯ ಆಚೆ ಕೇಳದಂತೆ ದನಿ ತಗ್ಗಿಸಿ ಕೇಳಿದರು.

"ಮರದಿಂದ ಬಿದ್ದೋರು ಕೂತಂಗೆ ಬೀಳ್ತಾರೆ. ಇದು ಪಕ್ಕಕ್ಕೆ ಹೊಡ್ದದೆ, ಕಲ್ಲಿಗೆ. ಮೊಣಕೈ ಏನಾತು ನಿಂಗೆ? ಸೈಕಲ್ ಬ್ರೇಕ್ ಸರಿ ಐತಾ?"

ನಾನು ಮೊಣಕೈ ಮುಚ್ಚಿಕೊಂಡೆ. ಅವರು ಒತ್ತಾಯ ಮಾಡಲಿಲ್ಲ. "ಈ ಮೂಳೆ ಬಳೆ ಇದ್ದಂಗೆ. ಬಳೆ ಒಂದೇ ಕಡೆ ಮುರೀತದಾ? ಎರಡು ಕಡೆ ಮುರ್ದದೆ. ಕಟ್ಟು ಹಾಕಾಕೆ ಜಾಗ ಇಲ್ಲ. ಮೂರು ತಿಂಗ್ಳು ಮಲ್ಗಿರ್ಲಿ, ಅಲ್ಲಾ ಕೂಡಿಸ್ತಾನೆ. ನಡೀತಾಳೆ, ನೀರ್ ಹೊರ್ತಾಳೆ, ಮದ್ವೆನೂ ಮಾಡಿ. ಆದ್ರೆ ಕೂಡ್ಕಂಡಾಗ ಬಳೆ ಒಳ್ಗಡೆ ಸ್ವಲ್ಪ ಚಿಕ್ದಾಗ್ತದೆ. ಹೆರಿಗೆ ಮನೇಲಿ ಬ್ಯಾಡ, ಬಿಲ್ಕುಲ್ ಬ್ಯಾಡ. ದೊಡ್ಡಾಸ್ಪತ್ರೆಗೆ ಹೋಗ್ಬೇಕು. ನಿಮ್ಮಮ್ಮನ್ಗೆ ಇದನ್ನ ಹೇಳ್ಬುಡು. ಹೆಣ್ಮಕ್ಕಳ ಮಾತು, ನಾನು ಹೇಳಿದ್ರೆ ಚೆಂದ ಅಲ್ಲ."

ಅವ್ವ ಪರದೆಯ ಆಚೆಯಿಂದ ಬಂದು, "ಏನಂದ್ರು?" ಎಂದಳು.

"ಮೂರು ತಿಂಗ್ಳು ಮಲ್ಗಿರ್ಬೇಕಂತೆ" ಎಂದೆ.

ಅಷ್ಟೇ ಹೇಳಿದೆ. ಉಳಿದದ್ದನ್ನು ಹೇಳಿದರೆ ಎಷ್ಟು ದೊಡ್ಡ ಪೆಟ್ಟೆಂದು ತಿಳಿಯುತ್ತದೆ, ಆಮೇಲೆ ಯಾವ ಮರ, ಯಾವ ಕೊಂಬೆ ಎಂಬ ವಿಚಾರಣೆ ಶುರುವಾಗುತ್ತದೆ. ಸಾವಕಾಶವಾಗಿ ಹೇಳೋಣ ಎಂದುಕೊಂಡೆ. ಹೇಡಿಗಳ ಶಬ್ದಕೋಶದಲ್ಲಿ ಸಾವಕಾಶ ಎಂಬುದಕ್ಕಿಂತ ದೊಡ್ಡ ಶಬ್ದವಿಲ್ಲ.

ಸಾಬರು ಹೇಳಿದಂತೆ ಗಿರಿಜೆ ಎದ್ದಳು, ನಡೆದಳು. ಬಲಗಾಲು ಮಾತ್ರ ಅರ್ಧ ಅಂಗುಲ ಗಿಡ್ಡವಾಯಿತು. ನಿಂತಾಗ ಕಾಣದು, ನಡೆದರೆ ಹೆಜ್ಜೆಗೊಮ್ಮೆ ಬಲಭುಜ ಇಳಿಯುತ್ತಿತ್ತು. ಐದಾರು ವರ್ಷ ಕಳೆದು ಗಂಡಿನ ಕಡೆಯವರು ನೋಡಲು ಬರುತ್ತಾರೆಂದಾಗ ಮನೆಯಲ್ಲಿ ಎಲ್ಲರ ಚಿಂತೆ ಅದೊಂದೇ. ಆಗಿನ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಡು ಹೇಳಿಸುವುದು ಬಿಟ್ಟರೂ ನಡೆಸಿ ನೋಡುವುದನ್ನು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ನಾನು ರಸ್ತೆ ಕೆಲಸಕ್ಕೆ ಸೇರಿದ್ದೆ. ತಿರುವಿನಲ್ಲಿ ರಸ್ತೆಯ ಒಂದು ಅಂಚನ್ನು ಎತ್ತರಿಸಿದರೆ ಗಾಡಿ ವಾಲುವುದಿಲ್ಲ ಎಂಬುದನ್ನು ಆಗಷ್ಟೇ ಕಲಿತಿದ್ದೆ. ವಿದ್ಯೆ ಹೊಸದು, ಉತ್ಸಾಹವೂ ಹೊಸದು. ನೆಂಟರು ಬರುವ ಒಂದು ವಾರ ಮುಂಚೆ ನಮ್ಮ ಮಣ್ಣಿನ ಅಂಗಳವನ್ನು ಅಗೆದು, ಪಡುವಣ ಕಡೆಗೆ ಮಣ್ಣು ತುಂಬಿ, ದಮ್ಮಸು ಹೊಡೆದು ಗಟ್ಟಿಮಾಡಿ, ಮೂಡಣದ ಚರಂಡಿಯ ಕಡೆಗೆ ಇಳಿಜಾರು ಮಾಡಿದೆ. ಗಿರಿಜೆಯ ಎರಡು ಪಾದದ ನಡುವೆ ಅರ್ಧ ಅಂಗುಲ ಏರು ಬರುವಂತೆ ಮಟ್ಟಗೋಲು ಹಿಡಿದು ಅಳೆದೆ. ಬಡಗಣ ಕಡೆಯ ಅಡುಗೆಮನೆಯಿಂದ ಅವಳು ತೆಂಕಣ ಜಗಲಿಗೆ ನಡೆದು ಬಂದರೆ ಬಲಗಾಲು ಏರಿನ ಕಡೆ ಬೀಳುತ್ತದೆ, ಕುಂಟು ಮಾಯ. ವಾಪಸು ಹೋದರೆ ಮಾತ್ರ ಕುಂಟು ಎರಡರಷ್ಟು. ಆದ್ದರಿಂದ ವಾಪಸು ಹೋಗುವಂತೆಯೇ ಇಲ್ಲ. ತಟ್ಟೆ ಕೊಟ್ಟು ಅಲ್ಲೇ ಪಕ್ಕದ ಕೋಣೆಗೆ ನುಗ್ಗಬೇಕು.

"ನೆಂಟರು ಬರ್ತಾರೆ ಅಂತ ಅಂಗಳ ಎಷ್ಟು ಚೆಂದಾಗಿ ಮಾಡವ್ನೆ ನೋಡ್ರೇ ನನ್ ಮಗ" ಎಂದು ಅವ್ವ ಬೀದಿಗೆಲ್ಲ ಸಾರಿದಳು.

ಬಂದವರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಕಡೆಯವರು, ಕಡಲೆಕಾಯಿ ಬೆಳೆಯುವ ಮನೆ, ಮಾತಿನಲ್ಲಿ ತೆಲುಗು ಬೆರೆತವರು. ಹುಡುಗ ಸಾಧು. ಅವನ ತಾಯಿ ಓಬಳಮ್ಮ ಸಾಧುವಲ್ಲ. ಅವರ ಕಡೆಯ ನೀರಿಗೆ ಮೂಳೆ ಬಿಗಿಯುವ ಗುಣವಿತ್ತು. ನಲವತ್ತೈದಕ್ಕೇ ಆಕೆಯ ಸೊಂಟ ಒಣಗಿದ ಕಟ್ಟಿಗೆಯಂತಾಗಿ, ಕೂರಬೇಕಾದರೆ ಒಬ್ಬರು ಹಿಡಿಯಬೇಕಿತ್ತು. ಹಾಗಾದವರು ಆ ಕಡೆ ಮನೆಗೊಬ್ಬರಿದ್ದರು. ಓಬಳಮ್ಮ ಅಂಗಳವನ್ನು ದಾಟಿ ಬಂದು ಕೂತರು. ಗಿರಿಜೆ ತಟ್ಟೆ ಹಿಡಿದು, ಬಡಗಣದಿಂದ ತೆಂಕಣಕ್ಕೆ, ನೀರಿನ ಮೇಲೆ ಬಾತು ಬಂದಂತೆ ಬಂದಳು. ಅಂಥ ರಸ್ತೆಯನ್ನು ನಾನು ಆಮೇಲೆ ಮೂವತ್ತು ವರ್ಷದ ನೌಕರಿಯಲ್ಲಿ ಕೂಡ ಮಾಡಲಿಲ್ಲ. ಓಬಳಮ್ಮ ನನ್ನ ಕಡೆ ಒಮ್ಮೆ, ನೆಲದ ಕಡೆ ಒಮ್ಮೆ ನೋಡಿ, "ಸರೇ, ಒಪ್ಪಿಗೆ" ಎಂದರು.

ಮದುವೆಯಾಯಿತು. ಕರೀಂ ಸಾಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಹೇಳಿದ ಮಾತು ಲೋಕದಲ್ಲಿ ನನ್ನೊಬ್ಬನ ಹತ್ತಿರವೇ ಉಳಿಯಿತು. ನಾನು ಸಾವಕಾಶವಾಗಿದ್ದೆ.

ಅರವತ್ತರ ದಶಕ ಶುರುವಾಗಿತ್ತು. ಚೊಚ್ಚಲ ಬಸುರಿ ಗಿರಿಜೆಗೆ ಬಳೆ ತೊಡಿಸಿ ತವರಿಗೆ ಬಿಡಲು ಓಬಳಮ್ಮ ತಾವೇ ಬಂದು, ಕಡಲೆಕಾಯಿ ಕಿತ್ತಾದ ಬಿಡುವಿನ ಕಾಲವಾದ್ದರಿಂದ ಕೆಲವು ದಿನ ಉಳಿದುಕೊಂಡಿದ್ದರು. ಊರಿನ ಸೂಲಗಿತ್ತಿ ಬಂದು ಗಿರಿಜೆಯನ್ನು ನಿಲ್ಲಿಸಿ, ಹಿಂದಿನಿಂದ ಒಮ್ಮೆ ಮುಂದಿನಿಂದ ಒಮ್ಮೆ ನೋಡಿ, "ಮೊರದಗಲ ಸೊಂಟ ಐತೆ ಕಣವ್ವ, ಬಾವಿಗೆ ಕೊಡ ಬುಟ್ಟಂಗೆ ಹೆರ್ತಾಳೆ" ಎಂದಿದ್ದಳು. ನಾನು ಆ ಮಾತಿಗೆ ಜೋತುಬಿದ್ದೆ. ಸಾಬರು ಗೋಣಿಚೀಲದ ಮಡಕೆ ತಡವಿದವರು, ಇವಳು ನೂರು ಮಗು ಹಿಡಿದವಳು. ಇವಳಿಗಿಂತ ಅವರಿಗೆ ಗೊತ್ತೆ? ಹೀಗೆಲ್ಲ ವಾದ ಹೂಡಿಕೊಂಡು ಸೋಮವಾರ ಮಧುಗಿರಿಯ ಕೆಲಸಕ್ಕೆ ಹೋದೆ.

ಅಲ್ಲೊಂದು ಹಳೆಯ ಕಲ್ಲುಮೋರಿಯೊಳಕ್ಕೆ ಹೊಸ ಸಿಮೆಂಟು ಕೊಳವೆ ತೂರಿಸಬೇಕಿತ್ತು. ಮೋರಿಯ ಬಾಯಿ ಅಳೆದವನು ನಾನೇ. ಬೇಕಾದಷ್ಟು ಅಗಲವಿತ್ತು. ಹತ್ತು ಆಳು ಸೇರಿ ಕೊಳವೆ ತಳ್ಳಿದರು. ಎರಡು ಮೊಳ ಹೋಗಿ ನಿಂತಿತು. ಸನ್ನೆಗೋಲು ಹಾಕಿದರು, ಹಗ್ಗ ಕಟ್ಟಿದರು, ಕೊಳವೆಯ ಅಂಚು ಸಿಡಿಯಿತು. ಮುದುಕ ಆಳೊಬ್ಬ ಬಗ್ಗಿ ಒಳಗೆ ಇಣುಕಿ, ಎದ್ದು, ಕೈ ಝಾಡಿಸಿಕೊಂಡ.

"ಮೇಸ್ತ್ರಿ, ಹೊರಗಡೆ ಅಗಲ ನೋಡಿದ್ರೆ ಹೆಂಗೆ? ಒಳಗೆ ಕಲ್ಲು ಜರುಗೈತೆ. ತಲೇನೇ ಹಿಡಿಯಾಕಿಲ್ಲ. ಇನ್ನೂ ತಳ್ಳುದ್ರೆ ಎಲ್ಡೂ ಹೋಯ್ತವೆ, ಬುಟ್ಬುಡಿ."

ನನ್ನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಆಳು ನನ್ನ ಮುಖ ನೋಡಿ, "ಅಯ್ಯೋ, ನಿಮ್ಮನ್ನ ಅಂದಿದ್ದಲ್ಲ ಸ್ವಾಮಿ" ಎಂದ. ನಾನು ಸೈಕಲ್ಲು ಹತ್ತಿದೆ. ಅಂದು ಎರಡೂ ಕೈಯಲ್ಲಿ ಹಿಡಿ ಹಿಡಿದೇ ಊರಿಗೆ ಬಂದೆ.

ಇಳಿಹೊತ್ತಿನ ಬಿಸಿಲು ಅಂಗಳದಲ್ಲಿತ್ತು. ಅವ್ವ, ಓಬಳಮ್ಮ, ಸೂಲಗಿತ್ತಿ ಮೂವರೂ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಗಿರಿಜೆ ಕಂಬಕ್ಕೆ ಒರಗಿದ್ದಳು. ನಾನು ಅಂಗಳದ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಇಳಿಜಾರು, ಮೋರಿಯ ಕಟ್ಟೆ, ಹುಣಸೇಮರ, ಪರದೆ, ಸಾಬರ ಮಾತು, ಈ ಅಂಗಳ. ಹೇಳಿ ಮುಗಿದಾಗ ಅವ್ವ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಹುಣಸೇಮರದ ಕಡೆ ಮುಖ ಮಾಡಿ ನಿಂತಳು.

ಮೊದಲು ಬಾಯಿಬಿಟ್ಟವರು ಓಬಳಮ್ಮ. "ಕುಂಟು ನಂಗೆ ತೆಲುಸು ಕಣಯ್ಯಾ. ನೋಡಾಕೆ ಬಂದ ದಿನಾನೇ ತೆಲುಸು. ಸೊಂಟ ಕೆಟ್ಟೋರ್ಗೆ ನೆಲ ಸುಳ್ಳು ಹೇಳಾಕಿಲ್ಲ. ಈ ಅಂಗಳ ದಾಟೋವಾಗ ನನ್ ಸೊಂಟ ಕಟಕ್ ಅಂತು. ಇದ್ಯಾಕೆ ಇಂಗೆ ವಾರೆ ಐತೆ, ಯಾರ ಕಾಲಿಗೆ ಅಂತ ನೋಡ್ತಾ ಕೂತಿದ್ದೆ, ಈ ಪಿಲ್ಲ ತಟ್ಟೆ ಹಿಡ್ಕಂಡು ಬಂತು. ಕುಂಟಾದ್ರೆ ಏಮಿ? ನಮ್ಮೂರಾಗೆ ನೆಟ್ಟಗೆ ನಡೆಯೋರು ಎಷ್ಟ್ ಜನ ಅವ್ರೆ? ಅದನ್ನ ಮುಚ್ಚಿದ್ದು ಹೋಗ್ಲಿ." ಇಷ್ಟು ಹೇಳಿ ಕೈಲಿದ್ದ ಸಿಪ್ಪೆಯನ್ನು ನನ್ನ ಮೇಲೆ ಎಸೆದರು. "ಆ ತುರುಕರಾಯನ ಮಾತು ಯಾಕೆ ಮುಚ್ಚಿದೆ? ಇವ್ಳು ಸತ್ತಿದ್ರೆ ಯಾವ ಮರ ಕಡಿಸ್ತಿದ್ದೆ?"

ಮೈಮೇಲೆ ಬಿದ್ದ ಸಿಪ್ಪೆಯನ್ನು ಕೊಡವದೆಯೇ ತುಮಕೂರಿನ ಬಸ್ಸಿನ ಹೊತ್ತು ವಿಚಾರಿಸಲು ಹೋದೆ. 

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ತುಮಕೂರಿಗೆ ಹೋದೆವು. ಅಲ್ಲಿನ ಲೇಡಿ ಡಾಕ್ಟರು ಬಡಗಿಯ ಕೈವಾರದಂಥ ಒಂದು ಸಲಕರಣೆಯಿಂದ ಹೊರಗೆ ಅಳೆದು, ಆಮೇಲೆ ಒಳಗೂ ನೋಡಿ, "ಹೊರಗೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ನೋವು ಶುರುವಾಗಿದ್ದರೆ ಎರಡೂ ಜೀವ ಹೋಗುತ್ತಿದ್ದವು. ಯಾರು ಹೇಳಿದರು ನಿಮಗೆ?" ಎಂದು ಕೇಳಿದರು. ಅವ್ವ ನನ್ನ ಕಡೆ ಕೈತೋರಿಸಿ, "ಇವ್ನೇ ಹೇಳಿದ್ದು" ಎಂದಳು. ಡಾಕ್ಟರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅದಕ್ಕಿಂತ ಓಬಳಮ್ಮನ ಕಡಲೆಕಾಯಿ ಸಿಪ್ಪೆಯೇ ಹಿತವಾಗಿತ್ತು.

ತಿಂಗಳು ತುಂಬಿದಾಗ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ತಾಯಿಯೂ ಉಳಿದಳು. ಗಿರಿಜೆ ನನ್ನ ಜೊತೆ ಮೂರು ತಿಂಗಳು ಮಾತಾಡಲಿಲ್ಲ. ಸೊಂಟ ಮುರಿದು ಮಲಗಿದ್ದಷ್ಟೇ ಕಾಲ. ಲೆಕ್ಕ ಹಾಕಿ ಮಾಡಿದಳೋ, ತಾನಾಗಿ ಹಾಗಾಯಿತೋ ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೊಂದು ದಿನ ಮಗುವನ್ನು ತಂದು, "ತಗಾ, ಸೊಂಟದ ಮೇಲೆ ಕೂರಿಸ್ಕ" ಎಂದಳು. ಕೂರಿಸಿಕೊಂಡೆ. ಮಗು ಜಾರಿತು. ಮತ್ತೆ ಎತ್ತಿದೆ, ಮತ್ತೆ ಜಾರಿತು. ಗಂಡಸಿನ ಸೊಂಟದಲ್ಲಿ ಮಗು ಕೂರಲು ಜಾಗವಿಲ್ಲ ಎಂಬುದನ್ನು ಆವತ್ತು ಕಲಿತೆ. ಸುತ್ತಲಿನ ಹೆಂಗಸರು ನಕ್ಕರು, ಗಿರಿಜೆಯೂ ನಕ್ಕಳು. ನನ್ನ ಗಟ್ಟಿಮುಟ್ಟಾದ ಮೂಳೆ ಯಾವ ಉಪಯೋಗಕ್ಕೂ ಬಾರದ್ದೆಂದು ಸಾಬೀತಾದ ಸಂತೋಷ ಅದು. ನಾನೂ ನಕ್ಕೆ.

ಮನುಷ್ಯನ ಗುಟ್ಟು ಹೃದಯದಲ್ಲಿರುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಹೃದಯ ಬಡಿದುಕೊಳ್ಳುವ ವಸ್ತು, ಒಂದಲ್ಲ ಒಂದು ದಿನ ಹೇಳಿಬಿಡುತ್ತದೆ. ಗುಟ್ಟು ಇರುವುದು ನಾವು ಯಾವುದರ ಮೇಲೆ ಕೂತಿರುತ್ತೇವೋ ಅಲ್ಲಿ. ಅದಕ್ಕೇ ಅದು ಅಷ್ಟು ಕಾಲ ಬೆಚ್ಚಗೆ ಇರುತ್ತದೆ.

ಹೋದ ತಿಂಗಳು ಗಿರಿಜೆ ನನ್ನನ್ನು ನೋಡಲು ಪಾವಗಡದ ಕಡೆಯಿಂದ ಬಸ್ಸಿನಲ್ಲಿ ಬಂದಳು. ಜೊತೆಗೆ ಅವಳ ಮಗಳು. ಆ ಮಗಳಿಗೂ ಈಗ ಮೊಮ್ಮಕ್ಕಳಿದ್ದಾರೆ. ಮುರಿದ ನನ್ನ ಸೊಂಟವನ್ನು ಕೂಡಿಸಿದ್ದಾರೆ, ಆದರೆ ಎಡಗಾಲು ಗಿಡ್ಡವಾಗಿದೆ. ಅರ್ಧ ಅಂಗುಲವೆಂದು ಡಾಕ್ಟರು ಹೇಳಿದಾಗ ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ನಮ್ಮ ಅಂಗಳಕ್ಕೆ ಈಗ ಸಿಮೆಂಟು ಬಿದ್ದಿದೆ. ಇಳಿಜಾರು ಹಾಗೇ ಇದೆ. ನೀರು ಚೆನ್ನಾಗಿ ಹರಿಯುತ್ತದೆಂದು ಮಗ ಅದನ್ನು ತೆಗೆಸಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಕಬ್ಬಿಣದ ವಾಕರ್ ಹಿಡಿದು ನಿಂತಿದ್ದೆ. ಗಿರಿಜೆ ತೆಂಕಣ ಜಗಲಿಯಲ್ಲಿ, ಓಬಳಮ್ಮ ಕೂತಿದ್ದ ಜಾಗದಲ್ಲೇ ಕೂತಳು.

"ಎಲ್ಲಿ, ನಡ್ದು ತೋರ್ಸು. ಹುಡುಗ ಒಪ್ಪಿಗೆ ಆಗ್ತಾನೋ ಇಲ್ವೋ ನೋಡಾನ" ಎಂದಳು. ಮರುಕ್ಷಣವೇ ಕೈಯೆತ್ತಿ, "ಅತ್ಲಾಗಿಂದ ಬರಬ್ಯಾಡ ಕಣಣ್ಣ. ನಿಂದು ಎಡಗಾಲು. ಈ ಕಡೆಗೆ ಬಂದ್ಬುಟ್ಟು, ಇಲ್ಲಿಂದ ಅತ್ಲಾಗೆ ನಡಿ. ಕುಂಟು ಕಾಣಾಕಿಲ್ಲ" ಎಂದಳು.

ಅವಳ ಮಾತು ಸರಿಯಾಗಿತ್ತು. ಆ ಲೆಕ್ಕ ನನ್ನದೇ. ಆದರೆ ನಾನು ಬಡಗಣದಿಂದ ತೆಂಕಣಕ್ಕೆ, ಅಂದು ಅವಳು ನಡೆದ ದಿಕ್ಕಿಗೇ ಹೊರಟೆ. ಎಡಗಾಲು ಇಳಿಜಾರಿನ ಕಡೆ ಬಿತ್ತು. ಹೆಜ್ಜೆಗೊಮ್ಮೆ ಭುಜ ಕುಸಿಯಿತು, ವಾಕರ್ ಕಟಕಟ ಎಂದಿತು. ಇಪ್ಪತ್ತು ಹೆಜ್ಜೆಯ ಅಂಗಳ, ಎಲ್ಲರೂ ನೋಡುತ್ತಿದ್ದರು. ನಡುವೆ ನಿಲ್ಲಲಿಲ್ಲ.

ಗಿರಿಜೆ ಕೊನೆಯ ತನಕ ನೋಡಿದಳು. ನಾನು ಜಗಲಿ ಮುಟ್ಟಿದಾಗ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಹೂಂ, ಚೆನ್ನಾಗಿ ಕುಂಟ್ತೀಯ" ಎಂದಳು. "ಕೂತ್ಕ. ಕಾಫಿ ಆರ್ತೈತೆ."